ಸಣ್ಣ ಉರಿಯ ರಸಾಯನ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದಿನಿಂದ ಸೋಲಾಪುರದ ಕಡೆಗೆ ಹೊರಟರೆ ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಸಿಗುತ್ತದೆ. ಅಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಬಸವಕಲ್ಯಾಣ. ಒಂಬೈನೂರು ವರ್ಷಗಳ ಹಿಂದೆ ಇದು ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. 1126ರಿಂದ 1138ರವರೆಗೆ ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರ ಕತ್ತಿಗಿಂತ ಹೆಚ್ಚಾಗಿ ವಿದ್ಯೆಯಿಂದ ಹೆಸರಾದವನು. 'ಸರ್ವಜ್ಞ' ಎಂಬುದು ಅವನಿಗೆ ಸಂದ ಬಿರುದು. ಅವನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಐದು ವಿಂಶತಿಗಳಲ್ಲಿ, ನೂರು ಅಧ್ಯಾಯಗಳಲ್ಲಿ, ಅರಸನೊಬ್ಬ ತಿಳಿದಿರಬೇಕಾದ ಎಲ್ಲವನ್ನೂ ಹೇಳುತ್ತದೆ: ರಾಜನೀತಿ, ಆನೆ, ಕುದುರೆ, ಚಿತ್ರಕಲೆ, ಸಂಗೀತ, ಆಟ, ಊಟ. ಊಟದ ಭಾಗಕ್ಕೆ 'ಅನ್ನಭೋಗ' ಎಂದು ಹೆಸರು. ನಮ್ಮ ಇಡ್ಲಿಯ ಪೂರ್ವಜ 'ಇಡ್ಡರಿಕಾ', ದೋಸೆಯ ಪೂರ್ವಜ 'ಧೋಸಕ', ವಡೆಯ ಪೂರ್ವಜ 'ವಟಿಕಾ' ಇರುವುದು ಇಲ್ಲಿಯೇ. ಹಂದಿ ಮಾಂಸದ ಅಡುಗೆಯ ವಿವರವೂ ಇಲ್ಲಿಯೇ ಇದೆ.

ಆ ವಿವರವನ್ನು ತುಸು ಹತ್ತಿರದಿಂದ ನೋಡಬೇಕು. ಹಂದಿಯ ಮೈಮೇಲೆ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಕುದಿಯುವ ನೀರು ಸುರಿಯುತ್ತ ಹೋಗಬೇಕು. ಕೂದಲು ಕೈಗೆ ಕಿತ್ತುಬರುವಷ್ಟು ಸಡಿಲವಾದಾಗ ನಿಲ್ಲಿಸಬೇಕು. ಇಲ್ಲವೇ ಮೈಗೆ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಶುದ್ಧ ಮಾಡಿದ ಮೇಲೆ ಬೆಂಕಿಯಲ್ಲಿ ಹದವಾಗಿ ಬೇಯಿಸಿ ತುಂಡು ಮಾಡಬೇಕು. ಹೀಗೆ ಸಿದ್ಧವಾದದ್ದು 'ಸುಂಠಕ'. ಅದನ್ನು ತಾಳೆಗರಿಯಂತೆ ತೆಳ್ಳಗೆ ಸೀಳಿ ಬಡಿಸುವ ಕ್ರಮವೂ ಇತ್ತು.

ಬಟ್ಟೆ ಏಕೆ? ಕೂದಲನ್ನು ಹಿಡಿದಿಟ್ಟಿರುವ ಚರ್ಮದ ಪ್ರೋಟೀನುಗಳು ಸಡಿಲಗೊಳ್ಳುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಇಂದಿನ ವಧಾಗೃಹಗಳಲ್ಲೂ ಹಂದಿಯನ್ನು ಸುಮಾರು ಇಷ್ಟೇ ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ನೀರು ಅದಕ್ಕಿಂತ ತೀರಾ ಬಿಸಿಯಾದರೆ ಚರ್ಮವೇ ಬೆಂದು ಬಿಗಿದು, ಕೂದಲು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಕುದಿಯುವ ನೀರು ಬರಿಮೈಮೇಲೆ ಬಿದ್ದರೆ ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಜಾರಿಹೋಗುತ್ತದೆ. ಬಟ್ಟೆ ಆ ನೀರನ್ನು ಹೀರಿ, ಹರಡಿ, ಶಾಖವನ್ನು ಸಮನಾಗಿ ನಿಧಾನವಾಗಿ ಒಳಗಿಳಿಸುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಲ್ಯಾಣದ ಬಾಣಸಿಗರು ಕಂಡುಕೊಂಡಿದ್ದ ಶಾಖ ನಿಯಂತ್ರಣದ ಉಪಾಯ ಅದು.

ಇದೇ ಕಲ್ಯಾಣ ಕೆಲವೇ ದಶಕಗಳಲ್ಲಿ ಬಸವಣ್ಣನವರ ಮತ್ತು ಶರಣರ ಕಲ್ಯಾಣವಾಯಿತು. ಇಂದು ಬಸವಕಲ್ಯಾಣ, ಹುಮನಾಬಾದಿನ ಎಷ್ಟೋ ಮನೆಗಳಲ್ಲಿ ಮಾಂಸವೇ ಬೇಯುವುದಿಲ್ಲ. ಇನ್ನೆಷ್ಟೋ ಮನೆಗಳಲ್ಲಿ ಮಾಂಸ ಬೇಯುತ್ತದೆ, ಆದರೆ ಹಂದಿ ವರ್ಜ್ಯ. ತಿನ್ನುವ ಮನೆಗಳೂ ಇವೆ. ಯಾರು ಏನು ತಿನ್ನಬೇಕೆಂಬ ಮಾತು ಈ ಲೇಖನದ್ದಲ್ಲ. ಗಟ್ಟಿ ಮಾಂಸ ಮೆತ್ತಗಾಗುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಇದರದ್ದು. ಅದಕ್ಕೆ ಉತ್ತರ ಹಂದಿಗೂ ಕುರಿಗೂ ಒಂದೇ. ಇವತ್ತು ದೊಡ್ಡ ಊರುಗಳಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಸ್ಲೋ ಕುಕ್ಕರ್ ಕೊಂಡು, ಅಮೆರಿಕದ 'ಪುಲ್ಡ್ ಪೋರ್ಕ್' ಮಾಡಿ ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ. ಎಂಟು ಗಂಟೆ ಬೆಂದ ಹಂದಿಯ ಹೆಗಲಿನ ಮಾಂಸ ಫೋರ್ಕಿನಲ್ಲಿ ಎಳೆದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಮಾಂಸ ಒಂದು ಗಂಟೆ ಬೆಂದಾಗ ಚಪ್ಪಲಿಯ ಅಟ್ಟೆಯಂತಿರುತ್ತದೆ. ನಡುವಿನ ಏಳು ಗಂಟೆಗಳಲ್ಲಿ ಆಗುವುದೇನು?

ಕಣಿಕೆ ಸಿವುಡು, ಮೂರು ಹುರಿಯ ಹಗ್ಗ

ಬೀದರ್ ಸೀಮೆಯಲ್ಲಿ ಜೋಳದ ರಾಶಿ ಮುಗಿದ ಮೇಲೆ ಕಣಿಕೆ ಕಟ್ಟುವುದನ್ನು ನೋಡಿದವರಿಗೆ ಮಾಂಸದ ರಚನೆ ಅರ್ಥವಾಗುವುದು ಕಷ್ಟವಲ್ಲ. ಒಂದೊಂದು ದಂಟು ಒಂದೊಂದು ಸ್ನಾಯು ತಂತು. ದಂಟುಗಳನ್ನು ಸೇರಿಸಿ ಬಿಗಿದರೆ ಸಿವುಡು. ಸಿವುಡುಗಳನ್ನು ಒಟ್ಟಿದರೆ ಬಣವೆ. ಮಾಂಸದಲ್ಲೂ ಹಾಗೆಯೇ: ತಂತುಗಳು ಸೇರಿ ಕಂತೆ, ಕಂತೆಗಳು ಸೇರಿ ಸ್ನಾಯು. ಪ್ರತಿ ತಂತುವಿನ ಸುತ್ತ, ಪ್ರತಿ ಕಂತೆಯ ಸುತ್ತ, ಇಡೀ ಸ್ನಾಯುವಿನ ಸುತ್ತ ಬಿಗಿದಿರುವ ಪೊರೆಯೇ ಆ ಸಿವುಡಿನ ಹಗ್ಗ. ಆ ಹಗ್ಗದ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನು.

ಹಗ್ಗ ಎಂಬ ಮಾತು ಇಲ್ಲಿ ಬರಿಯ ಹೋಲಿಕೆಯಲ್ಲ. ಕೊಲಾಜನ್ ಅಣು ನಿಜವಾಗಿಯೂ ಮೂರು ಹುರಿಗಳ ಹಗ್ಗ. ಒಂದೊಂದು ಹುರಿಯೂ ಸುಮಾರು ಸಾವಿರ ಅಮೈನೋ ಆಮ್ಲಗಳ ಸರಪಳಿ. ಆ ಸರಪಳಿಯಲ್ಲಿ ಪ್ರತಿ ಮೂರನೆಯ ಕೊಂಡಿ ಗ್ಲೈಸೀನ್, ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಅದು ಅಷ್ಟು ಚಿಕ್ಕದಾಗಿರುವುದರಿಂದಲೇ ಮೂರು ಹುರಿಗಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗಿ ಹೊಸೆದುಕೊಳ್ಳಲು ಸಾಧ್ಯ. ಹೀಗೆ ಹೊಸೆದ ಒಂದು ಅಣುವಿನ ಉದ್ದ 300 ನ್ಯಾನೋಮೀಟರ್, ದಪ್ಪ ಸುಮಾರು ಒಂದೂವರೆ ನ್ಯಾನೋಮೀಟರ್. ಇಂಥ ಅಸಂಖ್ಯ ಅಣುಗಳು ಸಾಲುಗಟ್ಟಿ, ಪಕ್ಕದ ಅಣುಗಳೊಡನೆ ಅಡ್ಡಕೊಂಡಿ ಹಾಕಿಕೊಂಡು, ಕಣ್ಣಿಗೆ ಕಾಣುವ ಬಿಳಿ ಪೊರೆಗಳಾಗುತ್ತವೆ.

ಪ್ರಾಣಿಯ ವಯಸ್ಸು ಹೆಚ್ಚಿದಂತೆ ಈ ಅಡ್ಡಕೊಂಡಿಗಳು ಗಟ್ಟಿಯಾಗುತ್ತ, ಶಾಖಕ್ಕೂ ಜಗ್ಗದಂತಾಗುತ್ತವೆ. ಎಳೆಯ ಮರಿಯ ಮಾಂಸ ಬೇಗ ಬೇಯುವುದಕ್ಕೂ, ಮುದಿ ಟಗರಿನ ಮಾಂಸ ಎಷ್ಟು ಬೆಂದರೂ ಸಾಲದಿರುವುದಕ್ಕೂ ಇದೇ ಕಾರಣ. ಪ್ರಾಣಿ ಹೆಚ್ಚು ದುಡಿಸಿಕೊಳ್ಳುವ ಅಂಗಗಳಲ್ಲಿ, ಅಂದರೆ ಹೆಗಲು, ಕಾಲು, ಕುತ್ತಿಗೆಯಲ್ಲಿ ಕೊಲಾಜನ್ ಹೆಚ್ಚು. ಬೆನ್ನಿನ ಮಾಂಸದಲ್ಲಿ ಕಡಿಮೆ. ಮೀನಿನ ಕೊಲಾಜನ್ನಿನಲ್ಲಿ ಅಡ್ಡಕೊಂಡಿಗಳು ಕಡಿಮೆ, ಅದು ಕರಗುವ ಶಾಖವೂ ಕಡಿಮೆ. ಅದಕ್ಕೇ ಮೀನು ಹತ್ತು ನಿಮಿಷದಲ್ಲಿ ಬೆಂದು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ.

ಶಾಖದ ಲೆಕ್ಕ, ಕಾಲದ ಲೆಕ್ಕ

ಈಗ ಒಂದೂವರೆ ಕೆಜಿಯ ಹೆಗಲಿನ ತುಂಡನ್ನು ಪಾತ್ರೆಯಲ್ಲಿಟ್ಟು ಮುಚ್ಚಳ ಹಾಕೋಣ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು, ಐದನೇ ಒಂದು ಪಾಲಿನಷ್ಟು ಪ್ರೋಟೀನು. ಒಳಗಿನ ಶಾಖ 50 ಡಿಗ್ರಿ ದಾಟುವಾಗ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನು ಬಿಚ್ಚಿಕೊಂಡು ಹೆಪ್ಪುಗಟ್ಟುತ್ತದೆ. ಮಾಂಸದ ಬಣ್ಣ ತಿರುಗತೊಡಗುತ್ತದೆ. 60ರಿಂದ 65ರ ಹೊತ್ತಿಗೆ ಕೊಲಾಜನ್ ಪೊರೆಗಳು ಸಂಕುಚಿಸುತ್ತವೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅವು ತಂತುಗಳನ್ನು ಹಿಂಡುತ್ತವೆ, ರಸ ಹೊರಬರುತ್ತದೆ. 70ರ ಆಸುಪಾಸಿನಲ್ಲಿ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನೂ ಬಿಗಿಯುತ್ತದೆ. ಈ ಹಂತದಲ್ಲಿ ತೆಗೆದು ಕಚ್ಚಿದರೆ ಮಾಂಸ ಒಣಗಿದೆ, ಗಟ್ಟಿಯಾಗಿದೆ, ರಬ್ಬರಿನಂತಿದೆ. ಮನೆಯಲ್ಲಿ ಮಾಡಿದ ಬಹಳಷ್ಟು ಅಡುಗೆ ಕೆಡುವುದು ಇಲ್ಲಿಯೇ. ಬೆಂದದ್ದು ಹೆಚ್ಚಾಯಿತೆಂದು ತಿಳಿದು ಒಲೆ ಆರಿಸುತ್ತಾರೆ. ನಿಜಕ್ಕೂ ಬೆಂದದ್ದು ಸಾಲದು.

ಮುಂದಿನದೇ ಮುಖ್ಯ ಘಟ್ಟ. ಸಂಕುಚಿಸಿದ ಕೊಲಾಜನ್ನಿನ ಮೂರು ಹುರಿಗಳು ಈಗ ಒಂದೊಂದಾಗಿ ಬಿಚ್ಚಿಕೊಳ್ಳಬೇಕು, ಅಡ್ಡಕೊಂಡಿಗಳು ಕಡಿಯಬೇಕು, ಬಿಡಿಯಾದ ಸರಪಳಿಗಳು ನೀರಿನಲ್ಲಿ ಕರಗಬೇಕು. ಹಾಗೆ ಕರಗಿದ ಕೊಲಾಜನ್ನಿಗೆ ಜೆಲಾಟಿನ್ ಎಂದು ಹೆಸರು. ಈ ಕೆಲಸ ಕ್ಷಣದಲ್ಲಿ ಆಗುವುದಿಲ್ಲ. 70 ಡಿಗ್ರಿಯಲ್ಲಿ ಇಡೀ ದಿನವೇ ಬೇಕಾದೀತು. 85ರಿಂದ 95ರ ನಡುವೆ ಕೆಲವು ಗಂಟೆ ಸಾಕು. ಸ್ನಾಯುವಿನದು ಶಾಖದ ಲೆಕ್ಕ: ಇಷ್ಟು ಡಿಗ್ರಿ ಮುಟ್ಟಿತೋ, ಬಿಗಿಯಿತು. ಕೊಲಾಜನ್ನಿನದು ಕಾಲದ ಲೆಕ್ಕ: ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಅದು ಕರಗುತ್ತದೆ. ಈ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಹಿಡಿದವರಿಗೆ ಮಾಂಸದ ಅಡುಗೆ ಒಲಿಯುತ್ತದೆ.

ತಂತುಗಳು ಕಳೆದುಕೊಂಡ ನೀರು ಮರಳಿ ಬರುವುದಿಲ್ಲ. ಎಂಟು ಗಂಟೆ ಬೆಂದ ತುಂಡು ತೂಗಿದರೆ ಕಾಲುಭಾಗಕ್ಕೂ ಹೆಚ್ಚು ತೂಕ ಇಳಿದಿರುತ್ತದೆ. ಆದರೂ ಬಾಯಲ್ಲಿಟ್ಟರೆ ರಸವತ್ತಾಗಿರುತ್ತದೆ. ಆ ರಸ ಸ್ನಾಯುವಿನ ನೀರಲ್ಲ, ಎಳೆಗಳ ನಡುವೆ ಹರಡಿದ ಜೆಲಾಟಿನ್ನು ಮತ್ತು ಕರಗಿದ ಕೊಬ್ಬು. ಬೆನ್ನಿನ ಮಾಂಸವನ್ನು ಇದೇ ರೀತಿ ಎಂಟು ಗಂಟೆ ಬೇಯಿಸಿದರೆ ಕರಗಲು ಕೊಲಾಜನ್ನೇ ಸಾಕಷ್ಟಿಲ್ಲದೆ ಮಾಂಸ ಬರಿ ನಾರಾಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಟ್ಟಿ ತುಂಡೇ ಈ ಅಡುಗೆಗೆ ಯೋಗ್ಯ.

ಇದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಬೆಂದ ಮೇಲೆ ತಳದಲ್ಲಿ ಉಳಿದ ರಸವನ್ನು ಒಂದು ಬಟ್ಟಲಿಗೆ ಸೋಸಿ ರಾತ್ರಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲೆ ಬಿಳಿ ಕೊಬ್ಬಿನ ಪದರ, ಕೆಳಗೆ ಅಲುಗಿಸಿದರೆ ನಡುಗುವ ಜೆಲ್ಲಿ. ತಣ್ಣಗಾದಾಗ ಜೆಲಾಟಿನ್ ಸರಪಳಿಗಳು ಅಲ್ಲಲ್ಲಿ ಮತ್ತೆ ಮೂರು ಮೂರಾಗಿ ಹೊಸೆದುಕೊಳ್ಳಲು ಹವಣಿಸಿ, ನಡುವೆ ನೀರನ್ನು ಸೆರೆಹಿಡಿದ ಬಲೆ ಅದು. ಅದು ಕರಗುವುದು ನಮ್ಮ ಮೈಶಾಖಕ್ಕಿಂತ ತುಸು ಕೆಳಗೆ. ಆದ್ದರಿಂದಲೇ ಬಾಯಲ್ಲಿಟ್ಟ ಕೂಡಲೇ ಕರಗುತ್ತದೆ. ರಸ ಜೆಲ್ಲಿಯಾಗಲಿಲ್ಲವೆಂದರೆ ಒಂದೋ ನೀರು ಹೆಚ್ಚಾಗಿದೆ, ಇಲ್ಲವೇ ಹೊತ್ತು ಸಾಲದಾಗಿದೆ. ಕಾಲಿನ ಸೂಪು, ಅಂದರೆ ಪಾಯಾ, ಮಾಡುವ ಮನೆಯವರಿಗೆ ಈ ಜೆಲ್ಲಿ ಹೊಸದಲ್ಲ.

ಕುದಿ ಹೆಚ್ಚಾದರೆ ಬೇಗ ಬೇಯುತ್ತದೆಯೇ?

ಹೆಚ್ಚು ಉರಿ ಹಾಕಿದರೆ ಕೆಲಸ ಬೇಗ ಆಗುತ್ತದೆಂಬುದು ಎಲ್ಲ ಅಡುಗೆಮನೆಗಳ ನಂಬಿಕೆ. ತೆರೆದ ಪಾತ್ರೆಯ ಮಟ್ಟಿಗೆ ಅದು ತಪ್ಪು. ನೀರು ಒಮ್ಮೆ ಕುದಿಗೆ ಬಂದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಶಾಖ ಏರುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಮಾಡಿಗೆ ಹೋಗುತ್ತದೆ. ಬಸವಕಲ್ಯಾಣ, ಹುಮನಾಬಾದ್ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಊರುಗಳು. ಸುಮಾರು 300 ಮೀಟರ್ ಏರಿದಂತೆ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರ. ಕೊತಕೊತ ಕುದಿಯುವ ಪಾತ್ರೆಗೂ ಆಗೊಂದು ಈಗೊಂದು ಗುಳ್ಳೆ ಏಳುವ ಪಾತ್ರೆಗೂ ಶಾಖದಲ್ಲಿ ಇರುವ ವ್ಯತ್ಯಾಸ ಕೆಲವೇ ಡಿಗ್ರಿ. ಆದರೆ ಕೊತಕೊತ ಕುದಿಯಲ್ಲಿ ಮಾಂಸದ ಹೊರಪದರ ಚೂರಾಗಿ, ಕೊಬ್ಬು ರಸದಲ್ಲಿ ಕಲಸಿ, ರಸ ಬೂದು ಬಣ್ಣಕ್ಕೆ ತಿರುಗುತ್ತದೆ.

ಶಾಖವನ್ನು ನಿಜಕ್ಕೂ ಏರಿಸುವುದು ಪ್ರೆಷರ್ ಕುಕ್ಕರ್. ಒಳಗಿನ ಒತ್ತಡದಿಂದಾಗಿ ಅದರಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಕೊಲಾಜನ್ ಒಂದು ಗಂಟೆಯ ಆಸುಪಾಸಿನಲ್ಲೇ ಕರಗುತ್ತದೆ. ಅವಸರವಿದ್ದವರಿಗೆ ಅದು ಒಳ್ಳೆಯ ಸಾಧನ. ಆದರೆ ಅಷ್ಟು ಶಾಖದಲ್ಲಿ ತಂತುಗಳು ಹೆಚ್ಚು ಹಿಂಡಿಹೋಗುತ್ತವೆ, ಹದ ಮೀರಿದ್ದು ಮುಚ್ಚಳ ತೆಗೆಯುವವರೆಗೆ ತಿಳಿಯುವುದಿಲ್ಲ. ಐದು ನಿಮಿಷ ಹೆಚ್ಚಾದರೆ ಎಳೆ ಹೋಗಿ ಮುದ್ದೆಯಾಗುತ್ತದೆ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಹೆಚ್ಚಾದರೂ ಅಡುಗೆ ಕೆಡುವುದಿಲ್ಲ. ಅಡುಗೆಯವರಿಗೆ ಸಣ್ಣ ಉರಿ ಕೊಡುವ ದೊಡ್ಡ ಅನುಕೂಲವೇ ಇದು.

ಈ ಅನುಕೂಲವನ್ನು ನಮ್ಮ ಸೀಮೆ ಬಹಳ ಹಿಂದೆಯೇ ಕಂಡುಕೊಂಡಿತ್ತು. ಕುಳ್ಳಿನ ಕೆಂಡದ ಮೇಲೆ ಮಣ್ಣಿನ ಗಡಿಗೆಯಲ್ಲಿ ಹಾಲನ್ನು ಹಗಲೆಲ್ಲ ಕಾಯಲು ಬಿಟ್ಟು, ಸಂಜೆಗೆ ಕೆಂಪಗಾದ ದಪ್ಪ ಕೆನೆ ತೆಗೆಯುವ ಮನೆಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇವೆ. ಕುಳ್ಳು ಉರಿಯುವುದಕ್ಕಿಂತ ಹೆಚ್ಚಾಗಿ ಕನಲುತ್ತದೆ. ಮಣ್ಣಿನ ಗೋಡೆ ಶಾಖವನ್ನು ತಡೆದು ಹಂಚುತ್ತದೆ. ಪಾತ್ರೆಯ ಬಾಯಿಗೆ ಕಣಕದ ಹಿಟ್ಟು ಮೆತ್ತಿ ಕೆಂಡದ ಮೇಲಿಡುವ ದಮ್ ಪದ್ಧತಿಯದೂ ಇದೇ ಸೂತ್ರ. ಹೈದರಾಬಾದಿನಲ್ಲಿ ಇಂದು ಮಾರುವ 'ಕಲ್ಯಾಣಿ ಬಿರಿಯಾನಿ'ಯ ಹೆಸರು ಬಂದದ್ದು ಬಸವಕಲ್ಯಾಣದ ನವಾಬರಿಂದ ಎನ್ನುತ್ತಾರೆ. ಗಟ್ಟಿಯಾದ ಎಮ್ಮೆ ಮಾಂಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ನಿಧಾನವಾಗಿ ಬೇಯಿಸುವ ಆ ಅಡುಗೆ ನಿಂತಿರುವುದೂ ಕೊಲಾಜನ್ ಕರಗುವುದರ ಮೇಲೆಯೇ.

ವಿದ್ಯುತ್ತಿನ ಸ್ಲೋ ಕುಕ್ಕರ್ ಹುಟ್ಟಿದ್ದೂ ಇಂಥದೇ ಒಂದು ಮನೆಯ ನೆನಪಿನಿಂದ. ಅಮೆರಿಕದ ಅರ್ವಿಂಗ್ ನ್ಯಾಕ್ಸನ್ ಎಂಬ ಎಂಜಿನಿಯರಿಗೆ 1940ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ಸಬ್ಬತ್ ದಿನ ಒಲೆ ಹೊತ್ತಿಸುವಂತಿಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಕಾಳು ಮಾಂಸದ ಗಡಿಗೆಯನ್ನು ಊರ ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಮರುದಿನ ತರುತ್ತಿದ್ದರು. ತಾಯಿ ಹೇಳಿದ ಆ ಗಡಿಗೆಯ ಕಥೆಯೇ ನ್ಯಾಕ್ಸನ್‌ಗೆ ಪ್ರೇರಣೆ. ಆತನ ಕಂಪನಿಯನ್ನು ಕೊಂಡ ರೈವಲ್ ಸಂಸ್ಥೆ 1971ರಲ್ಲಿ 'ಕ್ರಾಕ್ ಪಾಟ್' ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಹೆಚ್ಚು ಕಾಯದ ವಿದ್ಯುತ್ ತಂತಿ, ಮೇಲೆ ಗಾಜಿನ ಮುಚ್ಚಳ. ಸಾಮಾನ್ಯ ಕುಕ್ಕರ್ ಎಳೆಯುವುದು 150ರಿಂದ 300 ವಾಟ್. 200 ವಾಟಿನ ಕುಕ್ಕರ್ ಒಂಬತ್ತು ಗಂಟೆ ಓಡಿದರೆ ಎರಡು ಯೂನಿಟ್ಟಿಗಿಂತ ಕಡಿಮೆ ವಿದ್ಯುತ್. ಅದರಲ್ಲಿರುವ 'ಲೋ' ಮತ್ತು 'ಹೈ' ಗುರುತುಗಳು ಎರಡು ಬೇರೆ ಶಾಖಗಳಲ್ಲ. ಕಡೆಗೆ ಎರಡೂ ಕುದಿಯ ಹತ್ತಿರವೇ ಮುಟ್ಟುತ್ತವೆ, ಮುಟ್ಟಲು ತೆಗೆದುಕೊಳ್ಳುವ ಹೊತ್ತು ಮಾತ್ರ ಬೇರೆ.

ಮನೆಯಲ್ಲಿ ಮಾಡುವ ಕ್ರಮ

ಒಂದೂವರೆ ಕೆಜಿ ಹೆಗಲಿನ ಮಾಂಸ, ಮೂಳೆಯಿದ್ದರೂ ಸರಿ. ಮೇಲಿನ ದಪ್ಪ ಕೊಬ್ಬನ್ನು ಅರ್ಧದಷ್ಟು ತೆಗೆಯಿರಿ. ಮಾಂಸದ ತೂಕದ ನೂರಕ್ಕೆ ಒಂದು ಪಾಲಿನ ಲೆಕ್ಕದಲ್ಲಿ ಉಪ್ಪು, ಅಂದರೆ ಸುಮಾರು 15 ಗ್ರಾಂ, ಜೊತೆಗೆ ಖಾರಪುಡಿ, ಜೀರಿಗೆ, ಕರಿಮೆಣಸು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಉಪ್ಪು ಮೊದಲು ಹೊರಗಿನ ತೇವದಲ್ಲಿ ಕರಗಿ, ನಿಧಾನವಾಗಿ ಒಳಗಿಳಿದು, ತಂತುಗಳು ನೀರನ್ನು ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸುತ್ತದೆ.

ಬೆಳಗ್ಗೆ ಮೇಲ್ಮೈಯನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಮಗ್ಗುಲನ್ನೂ ಕೆಂಪಗೆ ಹುರಿಯಿರಿ. ಇದನ್ನು ಬಿಡಬಾರದು. ಹುರಿದ ಮಾಂಸದ ಕಂಪು, ಕಂದು ಬಣ್ಣ ಬರುವುದು ಅಮೈನೋ ಆಮ್ಲಗಳು ಮತ್ತು ಸಕ್ಕರೆಗಳು ಸೇರಿ ಆಗುವ ಕ್ರಿಯೆಯಿಂದ. ಫ್ರಾನ್ಸಿನ ಲೂಯಿ ಕಾಮಿಯ್ ಮಯ್ಯಾರ್ 1912ರಲ್ಲಿ ಅದನ್ನು ವಿವರಿಸಿದ. ಅದು ಚುರುಕಾಗುವುದು 140 ಡಿಗ್ರಿಯ ಮೇಲೆ. ನೀರಿರುವ ಮುಚ್ಚಿದ ಪಾತ್ರೆ ಆ ಶಾಖವನ್ನು ಎಂದಿಗೂ ಮುಟ್ಟದು. ಮೇಲ್ಮೈ ಒದ್ದೆಯಿದ್ದರೆ ಬಾಣಲೆಯೂ ಮುಟ್ಟಿಸಲಾರದು, ಅದಕ್ಕೇ ಮೊದಲು ಒಣಗಿಸುವುದು.

ಕುಕ್ಕರಿನ ತಳಕ್ಕೆ ಹೆಚ್ಚಿದ ಎರಡು ಈರುಳ್ಳಿ, ಎಂಟು ಹತ್ತು ಬೆಳ್ಳುಳ್ಳಿ ಎಸಳು, ಅರ್ಧ ಲೋಟ ನೀರು. ಅದರ ಮೇಲೆ ಮಾಂಸ. ಮಾಂಸವೇ ರಸ ಬಿಡುವುದರಿಂದ ನೀರು ಹೆಚ್ಚು ಬೇಡ. ಲೋ ಇಟ್ಟರೆ ಎಂಟರಿಂದ ಹತ್ತು ಗಂಟೆ, ಹೈ ಇಟ್ಟರೆ ಐದಾರು ಗಂಟೆ. ನಡುವೆ ಮುಚ್ಚಳ ತೆಗೆದು ನೋಡಬೇಡಿ. ಒಮ್ಮೆ ತೆಗೆದರೆ ಕೂಡಿಟ್ಟ ಆವಿಯೆಲ್ಲ ಹೋಗಿ, ಕಡಿಮೆ ವಾಟಿನ ಕುಕ್ಕರ್ ಆ ಶಾಖವನ್ನು ಮರಳಿ ಗಳಿಸಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಸ್ಲೋ ಕುಕ್ಕರ್ ಇಲ್ಲದವರಿಗೆ ದಪ್ಪ ತಳದ ಪಾತ್ರೆ, ಬಿಗಿಯಾದ ಮುಚ್ಚಳ, ಅತಿ ಸಣ್ಣ ಉರಿ ಸಾಕು. ಮೂರೂವರೆ ನಾಲ್ಕು ಗಂಟೆಯಲ್ಲಿ ಕೆಲಸ ಆಗುತ್ತದೆ, ಆಗಾಗ ನೀರು ನೋಡಿಕೊಳ್ಳಬೇಕು ಅಷ್ಟೆ.

ಮಾಂಸದ ನಡುವಿನ ಶಾಖ 93ರಿಂದ 95 ಡಿಗ್ರಿ ಮುಟ್ಟಿ, ಚುಚ್ಚಿದ ಫೋರ್ಕ್ ತಡೆಯಿಲ್ಲದೆ ತಿರುಗಿದರೆ ಹದ ಬಂದಂತೆ. ಹೊರತೆಗೆದು ಕಾಲು ಗಂಟೆ ಬಿಟ್ಟು, ಎರಡು ಫೋರ್ಕುಗಳಿಂದ ಎಳೆಯಿರಿ. ಸಿವುಡಿನ ಹಗ್ಗ ಬಿಚ್ಚಿದೆ, ದಂಟುಗಳು ಉದ್ದಕ್ಕೆ ಬಿಡಿಯಾಗುತ್ತವೆ. ತಳದ ರಸದ ಮೇಲೆ ತೇಲುವ ಕೊಬ್ಬನ್ನು ತೆಗೆದು, ರಸವನ್ನು ಒಲೆಯ ಮೇಲೆ ಅರ್ಧಕ್ಕಿಳಿಸಿ, ಎಳೆಗಳ ಮೇಲೆ ಸುರಿದು ಕಲಸಿ. ಬಿಡಿಯಾದ ಎಳೆಗಳ ನಡುವಿನ ಸಂದುಗಳು ಬತ್ತಿಯಂತೆ ರಸವನ್ನು ಹೀರುತ್ತವೆ.

ಕೊಬ್ಬಿನ ಜಿಡ್ಡನ್ನು ಮುರಿಯಲು ಹುಳಿ ಬೇಕೇ ಬೇಕು. ಅಮೆರಿಕದ ಕ್ಯಾರೊಲೈನಾ ಸೀಮೆಯವರು ಇದಕ್ಕೆ ವಿನೆಗರ್ ಹಾಕುತ್ತಾರೆ. ನಮ್ಮ ಕೊಡಗಿನವರು ಪಂದಿ ಕರಿಗೆ ಕಡೆಯಲ್ಲಿ ಕಾಚಂಪುಳಿ ಹಾಕುತ್ತಾರೆ. ಉಪ್ಪಾಗೆ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿಗೊಳಿಸಿದ ಕಪ್ಪು ಹುಳಿ ಅದು. ಎರಡು ಖಂಡಗಳ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಬೀದರ್ ಸೀಮೆಯ ಮನೆಯಲ್ಲಿ ಹುಣಸೆ ರಸ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಕುದಿಸಿದರೆ ಅಂಗಡಿಯ ಬಾರ್ಬೆಕ್ಯೂ ಸಾಸಿಗಿಂತ ಒಳ್ಳೆಯ ಸಾಸು ಸಿಗುತ್ತದೆ. ಬೇಕರಿಯ ಪಾವನ್ನು ಸೀಳಿ ಒಳಮೈಯನ್ನು ಹೆಂಚಿನ ಮೇಲೆ ಕೆಂಪಗೆ ಮಾಡಿದರೆ ರಸ ಬಿದ್ದ ಕೂಡಲೇ ಅದು ಮುದ್ದೆಯಾಗುವುದಿಲ್ಲ. ನಡುವೆ ಮಾಂಸ, ನಿಂಬೆ ಹಿಂಡಿದ ಹಸಿ ಈರುಳ್ಳಿ, ಸೌತೆಕಾಯಿ. ಬಿಸಿ ಜೋಳದ ರೊಟ್ಟಿಯಲ್ಲಿ ಸುತ್ತಿದರೂ ಇದು ಚೆನ್ನಾಗಿಯೇ ಒಗ್ಗುತ್ತದೆ.

ಎಚ್ಚರ ಬೇಕಾದಲ್ಲಿ

ಹಂದಿ ಮಾಂಸದ ಬಗೆಗಿನ ಭಯಗಳಲ್ಲಿ ದೊಡ್ಡದು ಲಾಡಿಹುಳು, ವಿಜ್ಞಾನದ ಹೆಸರು ಟೀನಿಯಾ ಸೋಲಿಯಂ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಸರಿಯಾಗಿ ಬೇಯದ ಮಾಂಸದಲ್ಲಿನ ಮರಿಹುಳು ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿನಲ್ಲಿ ಗಂಟು ಕಟ್ಟಿ ಮೂರ್ಛೆರೋಗ ತರುವುದು ಬೇರೆ ದಾರಿಯಿಂದ: ಲಾಡಿಹುಳು ಇರುವ ಮನುಷ್ಯನ ಮಲದಿಂದ ಬಂದ ಮೊಟ್ಟೆಗಳು ಕೊಳಕು ಕೈ, ನೀರು, ಹಸಿ ಸೊಪ್ಪಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದಾಗ. ಆದ್ದರಿಂದ ಎಂದೂ ಹಂದಿ ತಿನ್ನದವರಿಗೂ ಈ ರೋಗ ಬರಬಹುದು. ಈ ಹುಳು ಹರಡಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30 ಪ್ರತಿಶತ ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶೌಚಾಲಯ, ಕೈತೊಳೆಯುವುದು, ಹಂದಿಗಳನ್ನು ಬಯಲಿಗೆ ಬಿಡದೆ ಕಟ್ಟಿ ಸಾಕುವುದು ಇದಕ್ಕೆ ಮದ್ದು. ಹಂದಿ ಸಾಕಬೇಕೆನ್ನುವವರಿಗೆ ತಿಳಿದವರು ದೂರವಿಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನ ನಂದಿನಗರದಲ್ಲಿ. ಅಡುಗೆಯ ಮಟ್ಟಿಗೆ ಹೇಳುವುದಾದರೆ, 93 ಡಿಗ್ರಿಯವರೆಗೆ ಗಂಟೆಗಟ್ಟಲೆ ಬೆಂದ ಮಾಂಸದಲ್ಲಿ ಮರಿಹುಳು ಉಳಿಯುವುದಿಲ್ಲ.

ನಿಧಾನದ ಅಡುಗೆಗೇ ವಿಶೇಷವಾದ ಅಪಾಯ ಬೇರೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಬಲು ಬೇಗ ಬೆಳೆಯುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಉಗುಳುವ ವಿಷ ಮತ್ತೆ ಕುದಿಸಿದರೂ ನಾಶವಾಗದು. ಹಾಗಾಗಿ ಫ್ರೀಜರಿನಲ್ಲಿ ಗಡ್ಡೆಕಟ್ಟಿದ ಮಾಂಸವನ್ನು ನೇರ ಸ್ಲೋ ಕುಕ್ಕರಿಗೆ ಹಾಕಬೇಡಿ, ಅದು ಅಪಾಯದ ವಲಯದಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಮೊದಲ ಒಂದು ಗಂಟೆ ಹೈ ಇಟ್ಟು ಆಮೇಲೆ ಲೋಗೆ ಇಳಿಸುವುದು ಒಳ್ಳೆಯ ರೂಢಿ. ನೀವು ಮನೆಯಲ್ಲಿಲ್ಲದಾಗ ಕರೆಂಟ್ ಹೋಗಿ ಎಷ್ಟು ಹೊತ್ತಾಯಿತೆಂದು ಗೊತ್ತಾಗದಿದ್ದರೆ, ಮನಸ್ಸು ಗಟ್ಟಿ ಮಾಡಿ ಅದನ್ನು ಚೆಲ್ಲಿಬಿಡಿ. ಉಳಿದದ್ದನ್ನು ಆಳದ ಪಾತ್ರೆಯಲ್ಲಿ ಬಿಡದೆ ಅಗಲ ತಟ್ಟೆಗಳಲ್ಲಿ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿಗೆ ಒಂದೇ ಗಂಟೆ.

ಮಾಂಸ ತಿನ್ನದೆ ಸ್ಲೋ ಕುಕ್ಕರ್ ಬಳಸುವವರಿಗೂ ಒಂದು ಮಾತು. ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಸ್ತುವಿದೆ. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ, ಕುದಿಗಿಂತ ಕೆಳಗಿನ ಶಾಖದಲ್ಲಿ ಬೆಂದರೆ ಉಳಿದು ವಾಂತಿಭೇದಿ ತರುತ್ತದೆ. ರಾಜ್ಮಾವನ್ನು ರಾತ್ರಿ ನೆನೆಸಿ, ನೀರು ಬಸಿದು, ಹೊಸ ನೀರಿನಲ್ಲಿ ಒಲೆಯ ಮೇಲೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕೊತಕೊತ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಬೇಕು. ಸಣ್ಣ ಉರಿ ಎಲ್ಲದಕ್ಕೂ ಸಲ್ಲುವುದಿಲ್ಲ. ಯಾವುದಕ್ಕೆ ಯಾವ ಶಾಖ, ಎಷ್ಟು ಹೊತ್ತು ಎಂದು ತಿಳಿದು ಕೊಡುವುದೇ ಅಡುಗೆಯ ವಿದ್ಯೆ. ಬಟ್ಟೆ ಹೊದಿಸಿ ನೀರು ಸುರಿದ ಕಲ್ಯಾಣದ ಬಾಣಸಿಗನಿಗೆ ಕೊಲಾಜನ್ನಿನ ಹೆಸರು ಗೊತ್ತಿರಲಿಲ್ಲ, ಆ ವಿದ್ಯೆ ಮಾತ್ರ ಗೊತ್ತಿತ್ತು.

ಮುಂದಿನ ಸಲ ನಿಮ್ಮ ಮನೆಯಲ್ಲಿ ಕುರಿಯದೋ ಹಂದಿಯದೋ ಮಾಂಸ ಬೇಯುವಾಗ ಒಂದು ಚೂರು ತೆಗೆದು ಕಚ್ಚಿ ನೋಡಿ. ಗಟ್ಟಿಯಿದ್ದರೆ ಉರಿ ಏರಿಸಬೇಡಿ, ಒಲೆ ಆರಿಸಲೂ ಬೇಡಿ. ಮುಚ್ಚಳ ಮುಚ್ಚಿ, ಇನ್ನೊಂದು ಗಂಟೆ ಕೊಡಿ.